ಪದ ಪರಿಚಯ: ಆದಿಲ್‌ಶಾಹಿ ಶೈಲಿ

1490ರಿಂದ 1686ರವರೆಗೆ ಬಿಜಾಪುರವನ್ನು ಆಳಿದ ಆದಿಲ್‌ಶಾಹಿ ಸುಲ್ತಾನರ ಕಾಲದಲ್ಲಿ ಮಸೀದಿ, ಗೋರಿ, ಅರಮನೆಗಳನ್ನು ಕಟ್ಟಿದ ರೀತಿಗೆ ಆದಿಲ್‌ಶಾಹಿ ಶೈಲಿ ಎನ್ನುತ್ತಾರೆ. ಊರಿನ ಹೆಸರು 2014ರಲ್ಲಿ ವಿಜಯಪುರ ಎಂದಾದರೂ, ಇದಕ್ಕೆ ಬಿಜಾಪುರ ಶೈಲಿ ಎಂಬ ಹೆಸರು ಉಳಿದಿದೆ. ದಖ್ಖನಿ ಶೈಲಿ ಎಂಬ ದೊಡ್ಡ ಹೆಸರಿನಡಿ ಕಲಬುರಗಿ, ಬೀದರ್, ಗೋಲ್ಕೊಂಡಗಳೂ ಬರುತ್ತವೆ. ಆದರೆ ಎಲ್ಲವನ್ನೂ ಒಂದೇ ರಾಶಿಗೆ ಹಾಕಿದರೆ ಬಿಜಾಪುರದ ಗಾರೆಯವರೂ ಕಲ್ಲುಕುಟಿಗರೂ ಸಾಧಿಸಿದ್ದು ಕಣ್ಣಿಗೆ ಬೀಳುವುದಿಲ್ಲ.

ಈ ಕಟ್ಟಡಗಳ ಮಾತು ನಮ್ಮ ಮನೆಮಾತಿನಲ್ಲೇ ಇದೆ. ‘ಕಮಾನು’ ಪಾರಸಿಯ ಬಿಲ್ಲು. ‘ಗುಮ್ಮಟ’ ಪಾರಸಿಯ ಗುಂಬದ್. ಶ್ರವಣಬೆಳಗೊಳದ ಗೊಮ್ಮಟನಿಗೂ ಅದಕ್ಕೂ ನಂಟಿಲ್ಲ.

ಬಿಜಾಪುರ ಎಂದೊಡನೆ ಗುಮ್ಮಟದ ಗಾತ್ರವೇ ನೆನಪಾಗುತ್ತದೆ. ಈ ಶೈಲಿಯ ತಿರುಳು ಇರುವುದು ಗುಮ್ಮಟದ ಕೆಳಗೆ. ಕೋಣೆ ಚೌಕ, ಗುಮ್ಮಟದ ಬುಡ ದುಂಡು. ಚೌಕದ ನಾಲ್ಕು ಮೂಲೆಗಳಲ್ಲಿ ಗುಮ್ಮಟಕ್ಕೆ ಆಸರೆ ಎಲ್ಲಿಂದ ತರುವುದು ಎಂಬುದು ಗುಮ್ಮಟ ಕಟ್ಟುವ ಎಲ್ಲ ನಾಡುಗಳ ಹಳೆಯ ತೊಡಕು. ಸಾಮಾನ್ಯ ಉಪಾಯವೆಂದರೆ ಮೂಲೆಗೆ ಅಡ್ಡಲಾಗಿ ಸಣ್ಣ ಕಮಾನು ಹಾಕಿ ಚೌಕವನ್ನು ಎಂಟುಮೂಲೆಯಾಗಿಸುವುದು. ಬಿಜಾಪುರದವರು ಕಮಾನುಗಳನ್ನೇ ಒಂದರೊಳಗೊಂದು ಹೆಣೆದರು.

ಇದನ್ನು ಕಾಗದದ ಮೇಲೆ ಗೀಚಿ ನೋಡಬಹುದು. ಒಂದು ಚೌಕ ಬರೆದು, ಪ್ರತಿ ಬದಿಯಲ್ಲೂ ಎರಡು ಚುಕ್ಕೆ ಇಡಿ. ಎಂಟೂ ಚುಕ್ಕೆಗಳ ನಡುವಿನ ಅಂತರ ಸಮನಾಗಿರಲಿ. ಈಗ ಒಂದು ಬಿಟ್ಟು ಒಂದು ಚುಕ್ಕೆಯನ್ನು ಗೆರೆಯಿಂದ ಸೇರಿಸುತ್ತ ಹೋದರೆ, ಒಂದರ ಮೇಲೊಂದು ಓರೆಯಾಗಿ ಕೂತ ಎರಡು ಚೌಕಗಳು ಮೂಡುತ್ತವೆ. ಆ ಎಂಟು ಗೆರೆಗಳೇ ಎಂಟು ಕಮಾನುಗಳು. ಅವು ಪರಸ್ಪರ ಕತ್ತರಿಸುವಲ್ಲಿ ನಡುವೆ ಒಂದು ಎಂಟುಮೂಲೆ ಉಳಿಯುತ್ತದೆ. ಅದರೊಳಗೆ ವೃತ್ತ ಸಲೀಸಾಗಿ ಕೂರುತ್ತದೆ. ಮುಹಮ್ಮದ್ ಆದಿಲ್‌ಶಾಹನ ಗೋರಿಯಾದ ಗೋಳಗುಮ್ಮಟದಲ್ಲಿ ಕೋಣೆಯ ಒಳಬದಿ ಸುಮಾರು 135 ಅಡಿ. ಈ ಲೆಕ್ಕದಂತೆ ನಡುವಿನ ವೃತ್ತದ ಅಡ್ಡಳತೆ ಸುಮಾರು 103 ಅಡಿ ಬರುತ್ತದೆ. ಆದರೆ ಗುಮ್ಮಟದ ಒಳ ಅಡ್ಡಳತೆ 124 ಅಡಿಗಿಂತ ಹೆಚ್ಚು. ಅಂದರೆ ಗುಮ್ಮಟವನ್ನು ವೃತ್ತದ ಅಂಚಿನಲ್ಲಿ ಇಡದೆ ಸುತ್ತಲೂ ಸುಮಾರು 11 ಅಡಿ ಹಿಂದಕ್ಕೆ ಸರಿಸಿ ಕೂರಿಸಿದ್ದಾರೆ. ಉಳಿದ ಆ 11 ಅಡಿಯೇ ಜನ ನಿಂತು ಪಿಸುಗುಡುವ ಮೊಗಸಾಲೆ. ಎದುರು ಬದಿಯಲ್ಲಿ ಆಡಿದ ಪಿಸುಮಾತು ಬಾಗಿದ ಗೋಡೆಗುಂಟ ಜಾರಿ ಬಂದು ಕಿವಿ ಸೇರುತ್ತದೆ.

ಹಿಂದಕ್ಕೆ ಸರಿಸಿದ್ದು ಭಾರದ ಲೆಕ್ಕಕ್ಕಾಗಿ. ಗುಮ್ಮಟ ತನ್ನ ಬುಡವನ್ನು ಯಾವಾಗಲೂ ಹೊರಕ್ಕೆ ದೂಡುತ್ತದೆ. ತಡೆ ಸಾಲದಿದ್ದರೆ ಗೋಡೆ ಹೊರಗೆ ವಾಲುತ್ತದೆ, ಗುಮ್ಮಟದ ಬುಡದಿಂದ ಮೇಲಕ್ಕೆ ಸೀಳು ಹೋಗುತ್ತದೆ. ಇಲ್ಲಿ ಹೆಣೆದ ಕಮಾನುಗಳು ಕೋಣೆಯ ಒಳಕ್ಕೆ ಚಾಚಿರುವುದರಿಂದ ಅವುಗಳ ಭಾರ ಗೋಡೆಯನ್ನು ಒಳಗೆ ಎಳೆಯುತ್ತದೆ. ಗುಮ್ಮಟದ ದೂಡು ಹೊರಗೆ, ಕಮಾನಿನ ಎಳೆತ ಒಳಗೆ. ಎರಡೂ ಬಹುಮಟ್ಟಿಗೆ ಸರಿದೂಗುತ್ತವೆ. 1656ರಲ್ಲಿ ಮುಹಮ್ಮದ್ ಆದಿಲ್‌ಶಾಹ್ ತೀರಿಕೊಳ್ಳುವ ಹೊತ್ತಿಗೆ ಎದ್ದು ನಿಂತಿದ್ದ ಈ ಕಟ್ಟಡದಲ್ಲಿ ನಡುವೆ ಒಂದು ಕಂಬವೂ ಇಲ್ಲದಿರುವುದಕ್ಕೆ ಇದೇ ಕಾರಣ.

ಈ ಉಪಾಯ ಗೋಳಗುಮ್ಮಟದಲ್ಲೇ ಹುಟ್ಟಿದ್ದಲ್ಲ. ಒಂದನೆಯ ಅಲಿ ಆದಿಲ್‌ಶಾಹ್ 1570ರ ದಶಕದಲ್ಲಿ ಶುರುಮಾಡಿಸಿದ ಜಾಮಿ ಮಸೀದಿಯಲ್ಲಿ ಅದನ್ನು ಬಿಡಿಸಿ ಓದುವುದು ಇನ್ನೂ ಸುಲಭ. ಅಲ್ಲಿನ ನಮಾಜು ಪಡಸಾಲೆ ಅಡ್ಡಕ್ಕೆ ಒಂಬತ್ತು, ಆಳಕ್ಕೆ ಐದು ಅಂಕಣ (ಕಂಬಗಳ ನಡುವಿನ ಚೌಕ), ಒಟ್ಟು 45. ನಡುವಿನ ಒಂಬತ್ತು ಅಂಕಣಗಳ ಒಳಕಂಬ ನಾಲ್ಕನ್ನೂ ಬಿಟ್ಟು ಒಂದೇ ಚೌಕ ಮಾಡಿ, ಹೆಣೆದ ಕಮಾನಿನ ಮೇಲೆ ಗುಮ್ಮಟ ಇಟ್ಟಿದ್ದಾರೆ.

ಕಮಾನಿನ ಆಕಾರವೂ ಗುರುತು ಹಿಡಿಯುವಂಥದು. ಬುಡದಿಂದ ಎರಡು ವೃತ್ತಖಂಡಗಳು ಬಾಗಿ ಏಳುತ್ತವೆ, ಸ್ವಲ್ಪ ಮೇಲೆ ಹೋದ ನಂತರ ಬಾಗು ಬಿಟ್ಟು ನೇರ ಗೆರೆಯಾಗಿ ತುದಿಯಲ್ಲಿ ಕೂಡುತ್ತವೆ. ಕಮಾನಿನ ಎರಡೂ ಭುಜಗಳ ಮೇಲೆ ಗಚ್ಚಿನ ಒಂದೊಂದು ಬಿಲ್ಲೆ, ಅದನ್ನು ಎತ್ತಿಹಿಡಿದಂತೆ ಒಂದು ಬಳುಕಿನ ಆಸರೆ. ಈ ಬಿಲ್ಲೆ ಕಂಡರೆ ಬಿಜಾಪುರದ ಕೈ ಎಂದು ಬಹುತೇಕ ಧೈರ್ಯವಾಗಿ ಹೇಳಬಹುದು. ಗುಮ್ಮಟ ಅರಳಿದ ಎಸಳುಗಳ ಸಾಲಿನಿಂದ ಮೇಲೇಳುತ್ತದೆ; ಗೋಡೆಯೂ ಗುಮ್ಮಟವೂ ಸೇರುವ ಗೆರೆಯನ್ನು ಆ ಎಸಳು ಮುಚ್ಚುತ್ತದೆ. ಅಗಲ ಸಜ್ಜಾ, ಅದರ ಕೆಳಗೆ ಒತ್ತೊತ್ತಾಗಿ ಆಸರೆಗಲ್ಲು. ಮೂಲೆಯ ಮಿನಾರುಗಳು ಹೆಚ್ಚಾಗಿ ಅಂದಕ್ಕೆ ಇಟ್ಟವು, ಹತ್ತುವುದಕ್ಕಲ್ಲ. ಒಳಗೆ ಮೆಟ್ಟಿಲಿರುವ ಗೋಳಗುಮ್ಮಟದ ಏಳಂತಸ್ತಿನ ಗೋಪುರಗಳು ಇದಕ್ಕೆ ಹೊರತು.

ಕಲ್ಲು ಅಲ್ಲಿಯದೇ ಕಪ್ಪುಗಲ್ಲು. ಅದು ಗಡಸು. ಆದ್ದರಿಂದ ಎಷ್ಟೋ ಕಡೆ ಒಳಗೆ ಒಡ್ಡುಗಲ್ಲು ತುಂಬಿ, ಮೇಲೆ ಗಚ್ಚು ಬಳಿದು ಅಲಂಕಾರವನ್ನು ಗಚ್ಚಿನಲ್ಲೇ ಕೊರೆದರು. ಗೋಳಗುಮ್ಮಟದ ಗುಮ್ಮಟ ಇಟ್ಟಿಗೆಯದು, ಸುಮಾರು 10 ಅಡಿ ದಪ್ಪ. ಇಟ್ಟಿಗೆ ಸಾಲುಗಳ ನಡುವೆ ಸುಣ್ಣದ ಗಾರೆಯನ್ನು ದಪ್ಪವಾಗಿ ಹಾಕಿದ್ದರಿಂದ ಇಡೀ ಗುಮ್ಮಟ ಒಂದೇ ಚಿಪ್ಪಿನಂತೆ ನಿಂತಿದೆ. ಸುಣ್ಣದ ಗಾರೆ ನಿಧಾನ ಗಟ್ಟಿಯಾಗುತ್ತದೆ, ಸಣ್ಣ ಕುಸಿತಕ್ಕೆ ಹೊಂದಿಕೊಳ್ಳುತ್ತದೆ, ಹೀರಿದ ನೀರನ್ನು ಹೊರಗೆ ಬಿಡುತ್ತದೆ. ಇಂಥ ಗೋಡೆಗೆ ಸಿಮೆಂಟು ಬಳಿದರೆ ಕೆಡುಕು ಅಲ್ಲಿಂದಲೇ ಶುರು: ನೀರು ಒಳಗೇ ಸಿಕ್ಕಿಬೀಳುತ್ತದೆ, ಲವಣ ಹೆಪ್ಪುಗಟ್ಟಿ ಹಳೆಯ ಗಚ್ಚನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಹಳೆಯ ಗಾರೆಗೆ ಹೊಸ ಸುಣ್ಣದ ಗಾರೆಯೇ ಮದ್ದು.

ಗಾರೆಯ ಬಲ ನೋಡಬೇಕಾದರೆ ಇಬ್ರಾಹಿಂ ರೋಜಾಕ್ಕೆ ಹೋಗಬೇಕು. ಅದು ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಗೋರಿ, ಅವನ ಕಾಲದ್ದು, ಆಸ್ಥಾನದ ಮಲಿಕ್ ಸಂದಲ್ ಕಟ್ಟಿಸಿದ್ದು. ಗೋರಿಯ ಕೋಣೆ ಸುಮಾರು 40 ಅಡಿ ಚೌಕ. ಅದರ ಚಾವಣಿ ಸಮತಟ್ಟು, ಕೆಳಗೆ ಕಂಬವಿಲ್ಲ, ತೊಲೆಯಿಲ್ಲ. ಕಲ್ಲಿನ ಚಪ್ಪಡಿಗಳನ್ನು ಅಂಚಿಗೆ ಅಂಚು ಕೂಡಿಸಿದ್ದು, ಮುಖ್ಯವಾಗಿ ಗಾರೆಯ ಹಿಡಿತವೇ ಅವನ್ನು ನಿಲ್ಲಿಸಿದೆ. ಒಳಗೆ ನಿಂತವರಿಗೆ ಮೇಲೊಂದು ಗುಮ್ಮಟ ಇದೆಯೆಂಬ ಸುಳಿವೇ ಸಿಗುವುದಿಲ್ಲ. ಕಿಟಕಿಗಳ ಜಾಲಂದ್ರಗಳಲ್ಲಿ ಅರಬ್ಬಿ ಅಕ್ಷರಗಳನ್ನೇ ಕೊರೆದು, ಅಕ್ಷರದ ಸಂದಿಯಿಂದ ಬೆಳಕು ಬರುವಂತೆ ಮಾಡಿದ್ದಾರೆ. ಗಡಸು ಕಲ್ಲನ್ನು ಮರದಂತೆ ಕೆತ್ತುವ ಈ ಹುಮ್ಮಸ್ಸು ಮೆಹ್ತರ್ ಮಹಲಿನ ಉಪ್ಪರಿಗೆಯಲ್ಲೂ ಇದೆ. ಹೆಸರು ಮಹಲ್ ಎಂದಿದ್ದರೂ ಅದು ಅರಮನೆಯಲ್ಲ, ಮಸೀದಿಯೊಂದರ ಹೆಬ್ಬಾಗಿಲು.

ಅರಮನೆಗಳ ಕಥೆ ಬೇರೆ. ಅವುಗಳಲ್ಲಿ ಮರ ಹೆಚ್ಚು, ಹಾಗಾಗಿ ಉಳಿದದ್ದು ಕಡಿಮೆ. 1561ರ ಗಗನ ಮಹಲಿನಲ್ಲಿ ಕೆಳಗೆ ದರ್ಬಾರು, ಮೇಲೆ ಅರಸರ ವಾಸ. ಮರದ ಅಟ್ಟ ಹೋಗಿ, ಸುಮಾರು 60 ಅಡಿ ಅಗಲದ ನಡುಗಮಾನೂ ಅದರ ಎರಡು ಬದಿಯ ಕಿರಿದಾದ ಕಮಾನುಗಳೂ ಮುಖವಾಗಿ ಉಳಿದಿವೆ. ಮರದ ಕೆಲಸ ಹೇಗಿತ್ತೆಂದು ತಿಳಿಯಲು ಅಸರ್ ಮಹಲೇ ಗತಿ: 1646ರಲ್ಲಿ ನ್ಯಾಯಸಭೆಗೆಂದು ಕಟ್ಟಿದ್ದು, ಎದುರಿಗೆ ಕೊಳ, ಮುಂಗಡೆ ನಾಲ್ಕು ಎತ್ತರದ ಮರದ ಕಂಬ. ಗೋರಿ, ಮಸೀದಿಗಳನ್ನಷ್ಟೇ ನೋಡಿ ಈ ಶೈಲಿ ಬರೀ ಕಲ್ಲಿನದು ಎಂದುಕೊಳ್ಳುವುದು ಸಾಮಾನ್ಯವಾಗಿ ಆಗುವ ತಪ್ಪು.

ಕಮಾನಿನ ಜೋಡಣೆಯನ್ನು ಹತ್ತಿರದಿಂದ ನೋಡಬೇಕೆನ್ನುವವರಿಗೆ ಬಾರಾ ಕಮಾನು ಒಳ್ಳೆಯ ಜಾಗ. ಎರಡನೆಯ ಅಲಿ ಆದಿಲ್‌ಶಾಹ್ 1672ರಲ್ಲಿ ತೀರಿಕೊಂಡ, ಅವನ ಗೋರಿಯ ಕೆಲಸ ಅರ್ಧಕ್ಕೇ ನಿಂತಿತು. ಚಾವಣಿಯಿಲ್ಲ, ಗಚ್ಚಿಲ್ಲ, ಕಲ್ಲಿಗೆ ಕಲ್ಲು ಕೂತ ಸಂದಿಗಳು ಬುಡದಿಂದ ತುದಿಯವರೆಗೆ ಬರಿಗಣ್ಣಿಗೆ ಕಾಣುತ್ತವೆ.