ಪದ ಪರಿಚಯ: ಕಾಂಪೊಸಿಟ್ ಕವಚ

ನಾರು ಮತ್ತು ರಾಳವನ್ನು ಪದರ ಪದರವಾಗಿ ಒತ್ತಿ ಗಟ್ಟಿಗೊಳಿಸಿದ ಫಲಕಗಳಿಂದ ಸೇನಾ ವಾಹನಕ್ಕೆ ಒದಗಿಸುವ ರಕ್ಷಣೆಯೇ ಕಾಂಪೊಸಿಟ್ ಕವಚ. ಪತ್ರಿಕೆಗಳಲ್ಲಿ ‘ಸಂಯುಕ್ತ ವಸ್ತುವಿನ ಕವಚ’ ಎಂದೂ ಕಾಣಿಸುತ್ತದೆ. ನಾರು ಗಾಜಿನದಿರಬಹುದು, ಗುಂಡುನಿರೋಧಕ ಅಂಗಿಗಳಲ್ಲಿ ಬಳಸುವ ಕೆವ್ಲಾರ್‌ನಂಥ ಅರಮಿಡ್ ಇರಬಹುದು, ನೀರಿನ ಮೇಲೆ ತೇಲುವಷ್ಟು ಹಗುರವಾದ ವಿಶೇಷ ಪಾಲಿಎಥಿಲೀನ್ ಕೂಡ ಇರಬಹುದು. ಎಳೆತವನ್ನು ತಡೆದುಕೊಳ್ಳುವುದು ನಾರು. ನಾರುಗಳನ್ನು ಅವುಗಳ ಜಾಗದಲ್ಲಿ ಹಿಡಿದಿಟ್ಟು, ಒಂದರ ಮೇಲೆ ಬಿದ್ದ ಭಾರವನ್ನು ಪಕ್ಕದ್ದಕ್ಕೆ ದಾಟಿಸುವುದು ರಾಳ.

ಇಲ್ಲೊಂದು ಗೊಂದಲವನ್ನು ಮೊದಲೇ ನಿವಾರಿಸಬೇಕು. ಟ್ಯಾಂಕುಗಳ ವಿಷಯದಲ್ಲಿಯೂ ಇದೇ ಹೆಸರು ಬಳಕೆಯಲ್ಲಿದೆ. ಬ್ರಿಟನ್ನಿನ ಚೋಬಮ್ ಕವಚ, ಹೈದರಾಬಾದಿನ ಕಾಂಚನ್‌ಬಾಗ್‌ನಲ್ಲಿರುವ ರಕ್ಷಣಾ ಲೋಹ ಸಂಶೋಧನಾ ಪ್ರಯೋಗಾಲಯ ಅರ್ಜುನ್ ಟ್ಯಾಂಕಿಗಾಗಿ ರೂಪಿಸಿದ ಕಾಂಚನ್ ಕವಚ ಇವೆಲ್ಲ ಆ ಜಾತಿಗೆ ಸೇರಿದವು. ಎದುರಿನಿಂದ ಬರುವ ಶೆಲ್ಲುಗಳನ್ನು ತಡೆಯುವುದು ಅವುಗಳ ಮುಖ್ಯ ಕೆಲಸ, ತೂಕವೂ ಬಹಳ. ಈ ಬರಹದ ವಿಷಯ ಬೇರೆ: ಚಕ್ರದ ಕೆಳಗೆ ನೆಲಬಾಂಬು ಸಿಡಿದಾಗ ಒಳಗಿನವರನ್ನು ಉಳಿಸಬೇಕಾದ ಹಗುರ ಕವಚ.

ಹಗುರವೇ ಏಕೆ ಬೇಕು? ಇರಾಕಿನಲ್ಲಿ ರಸ್ತೆಬದಿಯ ಬಾಂಬುಗಳಿಗೆ ಸೈನಿಕರನ್ನು ಕಳೆದುಕೊಳ್ಳುತ್ತಿದ್ದ ಅಮೆರಿಕ, 2007ರಲ್ಲಿ ನೆಲಬಾಂಬು ನಿರೋಧಕ ವಾಹನಗಳ ಖರೀದಿಯನ್ನು ತನ್ನ ರಕ್ಷಣಾ ಇಲಾಖೆಯ ಅಗ್ರ ಆದ್ಯತೆಯಾಗಿಸಿತು. ದಪ್ಪ ಉಕ್ಕಿನ ಆ ಭಾರೀ ವಾಹನಗಳು ಸಾವಿರಾರು ಜೀವ ಉಳಿಸಿದವು. ಆದರೆ ಅಫ್ಘಾನಿಸ್ತಾನದ ಕಡಿದಾದ ಮಣ್ಣುರಸ್ತೆಗಳಲ್ಲಿ ಅವು ಏದುಸಿರು ಬಿಟ್ಟವು, ಕೆಲವೆಡೆ ಮಗುಚಿಕೊಂಡವು. 2009ರಲ್ಲಿ ಅದಕ್ಕೆಂದೇ ಚಿಕ್ಕದಾದ ಇನ್ನೊಂದು ವಾಹನವನ್ನು ತರಿಸಬೇಕಾಯಿತು. ಭಾರದ ವಾಹನ ಒಳ್ಳೆಯ ರಸ್ತೆಯನ್ನೇ ಹಿಡಿಯಬೇಕಾಗುತ್ತದೆ. ಅದು ಯಾವ ದಾರಿಯಲ್ಲಿ ಬಂದೀತೆಂದು ಬಾಂಬು ಹೂಳುವವನಿಗೆ ಸುಲಭವಾಗಿ ತಿಳಿಯುತ್ತದೆ. ತೂಕ ಇಳಿಸುವುದೂ ರಕ್ಷಣೆಯ ಭಾಗವೇ ಎಂದು ನಾನು ಹೇಳುವುದು ಈ ಕಾರಣಕ್ಕೆ.

ನೆಲದಡಿ ಹೂತ ಬಾಂಬು ಸಿಡಿದಾಗ ಆಗುವುದೇನು ಎಂಬುದನ್ನು ನಿಧಾನವಾಗಿ ನೋಡಬೇಕು. ಸುತ್ತಲಿನ ಮಣ್ಣು ಸ್ಫೋಟವನ್ನು ಪಕ್ಕಕ್ಕೆ ಹರಡಲು ಬಿಡದೆ ಮೇಲ್ಮುಖವಾಗಿ ತಿರುಗಿಸುತ್ತದೆ. ಆಘಾತ ತರಂಗ, ಬಿಸಿ ಅನಿಲ ಮತ್ತು ಅವುಗಳೊಂದಿಗೆ ಚಿಮ್ಮುವ ಮಣ್ಣು-ಕಲ್ಲು ಎಲ್ಲವೂ ವಾಹನದ ತಳಕ್ಕೆ ಬಡಿಯುತ್ತವೆ. ಮೊದಲ ಕೆಲವೇ ಮಿಲಿಸೆಕೆಂಡುಗಳಲ್ಲಿ ತಳದ ಫಲಕ ಒಳಕ್ಕೆ ಉಬ್ಬುತ್ತದೆ. ಅದು ಯೋಧನ ಪಾದಕ್ಕೆ ತಾಗಿದರೆ ಮೊಣಕಾಲಿನ ಕೆಳಗಿನ ಮೂಳೆ ಪುಡಿಯಾಗುತ್ತದೆ. ಇಡೀ ವಾಹನ ಮೇಲಕ್ಕೆ ನೆಗೆಯುವುದು ಆಮೇಲೆ. ಬೆನ್ನುಮೂಳೆಗೆ ಪೆಟ್ಟು ಬೀಳುವುದು ಆಗ. ಕೆಳಕ್ಕೆ ಅಪ್ಪಳಿಸುವಾಗ ಮೂರನೆಯ ಪೆಟ್ಟು. ಜೊತೆಗೆ, ಫಲಕ ಹರಿಯದಿದ್ದರೂ ಅದರ ಒಳಮೈಯಿಂದ ಚೂರುಗಳು ಸಿಡಿಯಬಹುದು. ನ್ಯಾಟೋದ 4569 ಸಂಖ್ಯೆಯ ಮಾನದಂಡ ಈ ಸ್ಫೋಟಗಳನ್ನು ಹಂತಗಳಾಗಿ ವಿಂಗಡಿಸಿದೆ: ಎರಡನೆಯ ಹಂತಕ್ಕೆ 6 ಕಿಲೋ, ಮೂರನೆಯದಕ್ಕೆ 8, ನಾಲ್ಕನೆಯದಕ್ಕೆ 10 ಕಿಲೋ ಟಿಎನ್‌ಟಿ ಸ್ಫೋಟಕ. ಬಾಂಬನ್ನು ಚಕ್ರದ ಕೆಳಗೂ ವಾಹನದ ತಳದ ನಡುಭಾಗದ ಕೆಳಗೂ ಇಟ್ಟು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಪರೀಕ್ಷೆಯಲ್ಲಿ ಅಳೆಯುವುದು ಉಕ್ಕು ಎಷ್ಟು ಬಾಗಿತು ಎಂಬುದಕ್ಕಿಂತ ಮಿಗಿಲಾಗಿ, ಒಳಗಿರಿಸಿದ ಬೊಂಬೆಯ ಕಾಲು, ಬೆನ್ನುಮೂಳೆಗಳ ಮೇಲೆ ಎಷ್ಟು ಬಲ ಬಿತ್ತು ಎಂಬುದನ್ನು.

ಈಗ ಒಂದು ಸಣ್ಣ ಲೆಕ್ಕ. 10 ಮಿಲಿಮೀಟರ್ ದಪ್ಪದ ಉಕ್ಕಿನ ಹಾಳೆಯ ಒಂದು ಚದರ ಮೀಟರು ಸುಮಾರು 78 ಕಿಲೋ ತೂಗುತ್ತದೆ. ಅದೇ ತೂಕದಲ್ಲಿ ಗಾಜುನಾರಿನ ಫಲಕವನ್ನು ಸುಮಾರು 40 ಮಿಲಿಮೀಟರ್ ದಪ್ಪವಾಗಿ ಮಾಡಬಹುದು. ಗಾಜುನಾರಿನ ವಸ್ತು ಉಕ್ಕಿನ ಎಂಟನೇ ಒಂದು ಪಾಲಿನಷ್ಟು ಮಾತ್ರ ಬಿರುಸು, ಅಂದರೆ ಬೇಗ ಬಾಗುತ್ತದೆ. ಆದರೆ ಬಾಗುವಿಕೆಗೆ ಎದುರಾಗುವ ಶಕ್ತಿ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ದಪ್ಪ ನಾಲ್ಕು ಪಟ್ಟಾದರೆ ಅದು 64 ಪಟ್ಟು (4×4×4). ಎಂಟರಿಂದ ಭಾಗಿಸಿದ ಮೇಲೂ ಅದೇ ತೂಕದ ಉಕ್ಕಿಗಿಂತ ಎಂಟು ಪಟ್ಟು ಉಳಿಯುತ್ತದೆ! ದಪ್ಪದ ಗೋಡೆ ಒಳಗಿನ ಜಾಗವನ್ನು ತಿನ್ನುತ್ತದೆ ಎಂಬುದು ಇದಕ್ಕೆ ತೆರುವ ಬೆಲೆ.

ಆದರೂ ನನ್ನ ದೃಷ್ಟಿಯಲ್ಲಿ ಕಾಂಪೊಸಿಟ್‌ನ ನಿಜವಾದ ಗುಣ ಅದು ಮುರಿಯುವ ರೀತಿಯಲ್ಲಿದೆ. ಉಕ್ಕು ಹಿಗ್ಗಿ, ಬಾಗಿ ಶಕ್ತಿಯನ್ನು ಹೀರುತ್ತದೆ. ಅದರ ಮಿತಿ ಮೀರಿದಾಗ ಬೆಸುಗೆಯ ಗುಂಟವೋ ಅಂಚಿನಲ್ಲೋ ಒಮ್ಮೆಲೇ ಹರಿಯುತ್ತದೆ. ಕಾಂಪೊಸಿಟ್ ಫಲಕದಲ್ಲಿ ಮೊದಲು ರಾಳ ಬಿರುಕು ಬಿಡುತ್ತದೆ, ಪದರಗಳು ಒಂದರಿಂದೊಂದು ಕಳಚಿಕೊಳ್ಳುತ್ತವೆ, ನಾರುಗಳು ರಾಳದಿಂದ ಜಾರಿ ಹೊರಬರುತ್ತವೆ, ಕೊನೆಗೆ ಒಂದೊಂದೇ ತುಂಡಾಗುತ್ತವೆ. ಪ್ರತಿ ಹಂತವೂ ಸ್ಫೋಟದ ಶಕ್ತಿಯ ಒಂದು ಪಾಲನ್ನು ತಿಂದುಹಾಕುತ್ತದೆ. ಉಕ್ಕಿನ ಗೋಡೆಯ ಒಳಮೈಗೆ ಅರಮಿಡ್ ಅಥವಾ ಗಾಜುನಾರಿನ ಫಲಕ ಹೊದಿಸಿದರೆ ಸಿಡಿಚೂರುಗಳೂ ಅದರಲ್ಲೇ ಸಿಕ್ಕಿಕೊಳ್ಳುತ್ತವೆ, ತೂರಿಬಂದವು ಹರಡುವ ಕೋನವೂ ಕಿರಿದಾಗುತ್ತದೆ.

ಬೆಂಗಳೂರಿನವರಿಗೆ ಕಾಂಪೊಸಿಟ್ ಎಂದೊಡನೆ ನೆನಪಾಗುವುದು ತೇಜಸ್ ವಿಮಾನ. ಅದರ ಚೌಕಟ್ಟಿನ ತೂಕದ ಸುಮಾರು 45 ಶೇಕಡಾ ಇಂಥ ವಸ್ತುವೇ, ಅದರಲ್ಲಿ ಕಾರ್ಬನ್ ನಾರೇ ಪ್ರಧಾನ. ಅದರ ಹಿಂದೆ ಇಲ್ಲಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ (ಎನ್‌ಎಎಲ್) ದುಡಿಮೆ ಇದೆ. ಅದನ್ನೇ ವಾಹನದ ತಳಕ್ಕೆ ಹಾಕಬಾರದೇಕೆ? ಕಾರ್ಬನ್ ನಾರು ಬಹಳ ಬಿರುಸು, ಆದರೆ ಹಿಗ್ಗುವುದು ಶೇಕಡಾ 2ರ ಒಳಗೆ. ಗಾಜುನಾರು ಅದರ ಎರಡು ಪಟ್ಟಿಗೂ ಹೆಚ್ಚು ಹಿಗ್ಗಿದ ಮೇಲೆ ತುಂಡಾಗುತ್ತದೆ. ಸ್ಫೋಟವನ್ನು ನುಂಗಲು ಈ ಹಿಗ್ಗುವಿಕೆ ಬೇಕು. ಗಾಜುನಾರು ಅಗ್ಗವೂ ಹೌದು.

ಕಾಂಪೊಸಿಟ್ ಎಂಬ ಮಾತನ್ನು ನಂಬಿ ಕೂರಬಾರದು ಎಂಬುದಕ್ಕೆ ಬ್ರಿಟಿಷ್ ಸೇನೆಯ ಸ್ನ್ಯಾಚ್ ಲ್ಯಾಂಡ್ ರೋವರ್ ನೋವಿನ ಸಾಕ್ಷಿ. ಅದರ ಮೈಗೂ ಕಾಂಪೊಸಿಟ್ ಕವಚವೇ ಇತ್ತು. ಉತ್ತರ ಐರ್ಲೆಂಡಿನ ಬೀದಿಗಳ ಗಲಭೆ, ಗುಂಡೇಟುಗಳಿಗೆ ತಕ್ಕಂತೆ ರೂಪಿಸಿದ್ದ ಆ ವಾಹನವನ್ನು ಇರಾಕ್, ಅಫ್ಘಾನಿಸ್ತಾನಗಳಿಗೆ ಕಳಿಸಿದರು. ಅದರಲ್ಲಿ ಪ್ರಯಾಣಿಸುತ್ತ ಸತ್ತ ಬ್ರಿಟಿಷ್ ಯೋಧರ ಸಂಖ್ಯೆ 37 ಎಂದು ಲೆಕ್ಕ. 2017ರಲ್ಲಿ ಅಲ್ಲಿನ ರಕ್ಷಣಾ ಸಚಿವರು ಕುಟುಂಬಗಳ ಕ್ಷಮೆ ಕೇಳಿದರು. ತಪ್ಪು ವಸ್ತುವಿನದಲ್ಲ. ಯಾವ ಅಪಾಯಕ್ಕೆಂದು ಕಟ್ಟಿದ್ದೋ ಅದನ್ನು ಬಿಟ್ಟು ಬೇರೆ ಅಪಾಯದ ಬಾಯಿಗೆ ಅದನ್ನು ಒಡ್ಡಲಾಯಿತು.

ಅದರ ಜಾಗಕ್ಕೆ ಬಂದದ್ದು ಫಾಕ್ಸ್‌ಹೌಂಡ್. 2012ರಲ್ಲಿ ಅಫ್ಘಾನಿಸ್ತಾನ ತಲುಪಿದ ಇದರ ತೂಕ ಸುಮಾರು ಏಳೂವರೆ ಟನ್. ಇಂಜಿನ್ನಿನ ಬಲವನ್ನು ಚಕ್ರಗಳಿಗೆ ಸಾಗಿಸುವ ಭಾಗಗಳು ವಿ ಆಕಾರದ ತಳದೊಳಗಿವೆ, ಅದರ ಮೇಲೆ ಯೋಧರು ಕೂರುವ ಕೋಶವನ್ನು ಬೇರೆಯಾಗಿ ಕೂರಿಸಲಾಗಿದೆ. ಆ ಕೋಶ ಕಾಂಪೊಸಿಟ್‌ನದು. ವಿ ಆಕಾರದ ತಳ 1970ರ ದಶಕದ ದಕ್ಷಿಣ ಆಫ್ರಿಕಾ ಮತ್ತು ರೊಡೇಷಿಯಾದ (ಇಂದಿನ ಜಿಂಬಾಬ್ವೆ) ವಾಹನಗಳಿಂದ ಬಂದದ್ದು. ಅದು ಸ್ಫೋಟವನ್ನು ಇಕ್ಕೆಲಗಳಿಗೆ ಸರಿಸುತ್ತದೆ. ಈ ಆಕಾರ ಬಹಳ ಮುಖ್ಯ. ಏಕೆಂದರೆ ಒಂದೇ ಸ್ಫೋಟ ಹಗುರ ವಾಹನವನ್ನು ಭಾರದ ವಾಹನಕ್ಕಿಂತ ಹೆಚ್ಚು ವೇಗವಾಗಿ ಮೇಲೆಸೆಯುತ್ತದೆ. ತೂಕ ಅರ್ಧವಾದರೆ ವೇಗ ಎರಡರಷ್ಟು. ಆದ್ದರಿಂದ ಕಾಂಪೊಸಿಟ್‌ನಿಂದ ಉಳಿಸಿದ ತೂಕದಲ್ಲಿ ಒಂದಿಷ್ಟನ್ನು ತಳದ ಆಕಾರಕ್ಕೆ, ವಾಹನದ ಒಳನೆಲಕ್ಕೆ ತಾಗದಂತೆ ತೂಗಿಬಿಟ್ಟ ಆಸನಗಳಿಗೆ, ನಾಲ್ಕು ಕಡೆಯಿಂದ ಬಿಗಿಯುವ ಪಟ್ಟಿಗಳಿಗೆ ಮರಳಿ ಖರ್ಚು ಮಾಡಲೇಬೇಕು.

ಇಷ್ಟೆಲ್ಲ ಇದ್ದರೂ ಕವಚಕ್ಕೆ ಮಿತಿಯಿದೆ. 2018ರ ಮಾರ್ಚ್ 13ರಂದು ಛತ್ತೀಸಗಢದ ಸುಕ್ಮಾ ಜಿಲ್ಲೆಯಲ್ಲಿ ನೆಲಬಾಂಬು ನಿರೋಧಕ ವಾಹನವೇ ಸ್ಫೋಟಕ್ಕೆ ಸಿಕ್ಕಿ ಸಿಆರ್‌ಪಿಎಫ್‌ನ 9 ಯೋಧರು ಪ್ರಾಣ ಕಳೆದುಕೊಂಡರು. ಹೂಳುವ ಸ್ಫೋಟಕದ ಪ್ರಮಾಣ ಹೆಚ್ಚಿಸುವುದು ಸುಲಭ, ಕವಚವನ್ನು ಅದೇ ವೇಗದಲ್ಲಿ ಬಲಪಡಿಸುವುದು ಕಷ್ಟ.

ಕಾಂಪೊಸಿಟ್‌ಗೆ ಅದರದೇ ಆದ ತೊಡಕುಗಳೂ ಇವೆ. ರಾಳ ಬೆಂಕಿಗೆ ಸಿಕ್ಕರೆ ಹೊಗೆ ಕಾರುತ್ತದೆ. ಪಾಲಿಎಥಿಲೀನ್ ನಾರು ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ಉಕ್ಕಿನ ತಳ ಬಾಗಿದ್ದರೆ ಮೆಕ್ಯಾನಿಕ್‌ನ ಕಣ್ಣಿಗೆ ಕಾಣುತ್ತದೆ, ಶಿಬಿರದಲ್ಲೇ ಬೆಸುಗೆ ಹಾಕಬಹುದು. ಕಾಂಪೊಸಿಟ್ ಫಲಕದ ಹೊರಮೈ ನುಣುಪಾಗಿಯೇ ಇದ್ದು ಒಳಗೆ ಪದರಗಳು ಕಳಚಿರಬಹುದು. ಶ್ರವಣಾತೀತ (ಅಲ್ಟ್ರಾಸಾನಿಕ್) ತರಂಗಗಳ ಉಪಕರಣ ಹಿಡಿದು ಹುಡುಕಬೇಕು. ಹಾಗಾಗಿ ಅನೇಕ ವಾಹನಗಳಲ್ಲಿ ಸ್ಫೋಟವನ್ನು ಮೊದಲು ಎದುರಿಸುವ ತಳವನ್ನು ಈಗಲೂ ಉಕ್ಕಿನಲ್ಲೇ ಮಾಡುತ್ತಾರೆ. ಕಾಂಪೊಸಿಟ್‌ಗೆ ಗೋಡೆ, ಬಾಗಿಲು, ಒಳಹೊದಿಕೆಗಳ ಪಾಲು ಸಿಗುತ್ತದೆ.