ಗಾಜಿನ ಸಿರಿಂಜೇ ಬೇಕಿದ್ದ ಔಷಧಿ

ಪ್ಲಾಸ್ಟಿಕ್ ಸಿರಿಂಜಿಗೆ ಎಳೆದುಕೊಂಡರೆ ಪ್ಲಾಸ್ಟಿಕ್ಕೇ ಕರಗುತ್ತಿತ್ತು. ಹಾಗಾಗಿ ಗಾಜಿನದೇ ಬೇಕಿತ್ತು. ಅಂಥ ಔಷಧಿಯನ್ನು ಮನುಷ್ಯರ ರಕ್ತನಾಳಕ್ಕೆ ಕೊಡುತ್ತಿದ್ದರು. ಹೆಸರು ಮೆಲಾರ್ಸೊಪ್ರಾಲ್. ಆಫ್ರಿಕಾದಲ್ಲಿ ಉಲ್ಬಣಿಸಿದ ನಿದ್ದೆ ರೋಗಕ್ಕೆ 1949ರಲ್ಲಿ ಬಂದ ಈ ಮದ್ದಿನ ಒಳಗಿದ್ದದ್ದು ಆರ್ಸೆನಿಕ್, ಅಂದರೆ ಪಾಷಾಣ.

ರೋಗ ಹರಡುವುದು ತ್ಸೆತ್ಸೆ ನೊಣ. ಮೊದಮೊದಲು ಬರೀ ಜ್ವರ, ತಲೆನೋವು. ಪರೋಪಜೀವಿ ಮಿದುಳಿಗೆ ಹೊಕ್ಕಮೇಲೆ ರಾತ್ರಿ ನಿದ್ದೆ ಹತ್ತುವುದಿಲ್ಲ, ಹಗಲು ಕೂತಲ್ಲೇ ತೂಕಡಿಕೆ, ಮಾತು ತೊದಲುತ್ತದೆ. ಶುರುವಿನಲ್ಲಿ ಕೆಲಸ ಮಾಡುವ ಪೆಂಟಾಮಿಡಿನ್, ಸುರಾಮಿನ್ ಆಗ ಸಾಲುವುದಿಲ್ಲ, ಮಿದುಳಿನವರೆಗೆ ಅವು ಹೋಗುವುದೇ ಇಲ್ಲ. ಮೊದಲಿದ್ದ ಟ್ರಿಪಾರ್ಸಮೈಡ್ ಹೋಗುತ್ತಿತ್ತು, ಆದರೆ ಕೆಲವರ ಕಣ್ಣನ್ನೇ ತೆಗೆಯುತ್ತಿತ್ತು. 1930ರ ಹೊತ್ತಿಗೆ ಕ್ಯಾಮರೂನ್‌ನ ಬಾಫಿಯಾದಲ್ಲಿ ಡೋಸ್ ಜಾಸ್ತಿಯಾಗಿ ನೂರಾರು ಜನ ಕುರುಡರಾದರು.

ಮೆಲಾರ್ಸೊಪ್ರಾಲ್ ರಕ್ತನಾಳದಲ್ಲಿ ಬೆಂಕಿಯಂತೆ ಉರಿಯುತ್ತಿತ್ತು. ನೂರರಲ್ಲಿ ಸುಮಾರು 5 ಜನ ಅದರಿಂದಲೇ ಸಾಯುತ್ತಿದ್ದರು. ಕೊಡದಿದ್ದರೆ ಸಾವು ಹೆಚ್ಚೂಕಮ್ಮಿ ಖಚಿತ. ವೈದ್ಯರಾದರೂ ಏನು ಮಾಡಬೇಕಿತ್ತು ಹೇಳಿ?

ಬೇರೆ ದಾರಿ ಸಿಕ್ಕಿತ್ತು. ಕ್ಯಾನ್ಸರ್‌ಗೆಂದು ಮಾಡಿದ ಎಫ್ಲಾರ್ನಿಥೈನ್ ಪ್ರಜ್ಞೆ ತಪ್ಪಿದ ರೋಗಿಗಳನ್ನೂ ಎಬ್ಬಿಸಿ ಕೂರಿಸಿತು. 1990ರಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು. ಆದರೆ ರೋಗಿಗಳು ಕಾಂಗೋ, ಸುಡಾನ್, ಅಂಗೋಲಾದ ಹಳ್ಳಿಗರು. ಲಾಭ ಎಲ್ಲಿಂದ ಬರಬೇಕು? ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತಿತು. 2000ದಲ್ಲಿ ಅದೇ ರಾಸಾಯನಿಕ ಕ್ರೀಮ್ ಆಗಿ ಅಂಗಡಿಗೆ ಬಂತು, ಹೆಂಗಸರ ಮುಖದ ಬೇಡದ ಕೂದಲಿಗೆ! ಜೀವ ಉಳಿಸಲು ಇಲ್ಲದ ಮಾರುಕಟ್ಟೆ ಮೀಸೆಗೆ ಇತ್ತು. ಎಂಎಸ್ಎಫ್ (ಗಡಿಗಳಿಲ್ಲದ ವೈದ್ಯರು) ಎಂಬ ನೆರವು ಸಂಸ್ಥೆಯ ವೈದ್ಯರು ಗಲಾಟೆ ಎಬ್ಬಿಸಿದ ಮೇಲೆ, 2001ರಲ್ಲಿ ಅವೆಂಟಿಸ್ ಕಂಪನಿ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಔಷಧಿ ಕೊಡಲು ಒಪ್ಪಿತು.

ಕೊಡುವುದೂ ಸುಲಭವಿರಲಿಲ್ಲ. 6 ಗಂಟೆಗೊಂದರಂತೆ 14 ದಿನ, ಒಟ್ಟು 56 ಡ್ರಿಪ್. ಕರೆಂಟೇ ಇಲ್ಲದ ಊರಿನ ಆಸ್ಪತ್ರೆಯಲ್ಲಿ ನಡುರಾತ್ರಿ ನರ್ಸ್ ಎದ್ದು ಬಾಟಲಿ ಬದಲಿಸಬೇಕು. 2009ರಲ್ಲಿ ನಿಫರ್ಟಿಮಾಕ್ಸ್ ಮಾತ್ರೆ ಜೊತೆಗೆ ಸೇರಿಸಿದ ಮೇಲೆ ಡ್ರಿಪ್ 14ಕ್ಕೆ ಇಳಿಯಿತು.

ಆಮೇಲೆ ಬಂದದ್ದು ಫೆಕ್ಸಿನಿಡಜೋಲ್. ಕಂಪನಿಯೊಂದು ಎಂದೋ ಮೂಲೆಗೆ ಹಾಕಿದ್ದ ಈ ರಾಸಾಯನಿಕವನ್ನು ಡಿಎನ್‌ಡಿಐ ಎಂಬ ಲಾಭರಹಿತ ಸಂಸ್ಥೆ ಹುಡುಕಿ ತೆಗೆಯಿತು. 2018ರಲ್ಲಿ ಒಪ್ಪಿಗೆ ಸಿಕ್ಕಿತು. 10 ದಿನ ಮಾತ್ರೆ ನುಂಗಿದರೆ ಆಯ್ತು, ಊಟದ ಜೊತೆಗೇ ನುಂಗಬೇಕು ಅಷ್ಟೇ, ಇಲ್ಲದಿದ್ದರೆ ಮೈಗೆ ಹತ್ತುವುದಿಲ್ಲ. ಆದರೆ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬಗೆಯ ರೋಗ ಮಿದುಳಿನಲ್ಲಿ ತೀರಾ ಬೇರೂರಿದ್ದರೆ ಮಾತ್ರೆಯ ಫಲ ಸ್ವಲ್ಪ ಕಡಿಮೆ. ಅಂಥವರಿಗೆ ಈಗಲೂ ಡ್ರಿಪ್ಪೇ ಏರಿಸುತ್ತಾರೆ.