ಹಿಡಿಯುವ ಕೈ, ಬಿಡುವ ಕೈ

ಐದು ಲೀಟರಿನ ಒಂದು ಸಣ್ಣ ಕೊಡ ತಗೊಳ್ಳಿ. ಕುತ್ತಿಗೆವರೆಗೆ ನೀರು ತುಂಬಿಸಿ. ಮೊಣಕೈ ಮಡಚಿ, ಮುಂಗೈಯನ್ನು ನೆಲಕ್ಕೆ ಸಮನಾಗಿ ಚಾಚಿ, ಅಂಗೈ ಮೇಲೆ ಕೊಡ ಇಟ್ಟುಕೊಂಡು ಸುಮ್ನೆ ನಿಂತುಕೊಳ್ಳಿ. ಎತ್ತುವುದೂ ಬೇಡ, ಇಳಿಸುವುದೂ ಬೇಡ. ಸ್ವಲ್ಪ ಹೊತ್ತಿಗೆ ತೋಳು ಬಿಸಿಯಾದ ಹಾಗಾಗುತ್ತದೆ. ಆಮೇಲೆ ಸಣ್ಣಗೆ ನಡುಗುತ್ತದೆ. ಆಮೇಲೆ ಯಾವಾಗ ಇಳಿಸಲಿ ಅನ್ನಿಸುತ್ತದೆ.

ಆದರೆ ಶಾಲೆಯಲ್ಲಿ ಕಲಿತ ಲೆಕ್ಕ ಬೇರೆ. ಕೆಲಸ ಅಂದರೆ ಬಲವನ್ನು ದೂರದಿಂದ ಗುಣಿಸುವುದು. ಕೊಡ ಅಲ್ಲಾಡಲೇ ಇಲ್ಲ, ದೂರ ಸೊನ್ನೆ. ಹಾಗಾದರೆ ಕೆಲಸವೂ ಸೊನ್ನೆ. ಅದೇ ಕೊಡವನ್ನು ಜಗಲಿ ಮೇಲೆ ಇಟ್ಟರೆ ಜಗಲಿಗೆ ಆಯಾಸ ಆಗುವುದಿಲ್ಲ. ನಮಗೆ ಮಾತ್ರ ಯಾಕೆ? ಎಂಟನೇ ಕ್ಲಾಸಿನಲ್ಲಿ ನನಗೆ ಈ ಪ್ರಶ್ನೆ ಹುಟ್ಟಿತ್ತು. ಉತ್ತರ ಸಿಕ್ಕಿದ್ದು ಎಷ್ಟೋ ವರ್ಷ ಆದ ಮೇಲೆ. ಸಿಕ್ಕಾಗ ನೆನಪಾಗಿದ್ದು ಅಜ್ಜಿ ಮನೆಯ ಬಾವಿ.

ಆ ಬಾವಿಗೆ ಮರದ ರಾಟೆ ಇತ್ತು. ನಾನು ಮೊದಲ ಸಲ ನೀರು ಸೇದುವಾಗ ಅಜ್ಜಿ ಹೇಳಿದ್ದು ಒಂದೇ ಮಾತು: 'ಒಂದು ಕೈ ಹಿಡಿದ ಮೇಲೇ ಇನ್ನೊಂದು ಕೈ ಬಿಡು ಮಗಾ.' ಎಳೆದ ಕೈ ಎದೆ ಹತ್ತಿರ ಬಂದ ಮೇಲೆ ಅದಕ್ಕೆ ಮುಂದೆ ಜಾಗ ಇಲ್ಲ. ಅದು ಹಗ್ಗ ಬಿಟ್ಟು ಮೇಲೆ ಹೋಗಿ ಮತ್ತೆ ಹಿಡಿಯಬೇಕು. ಅಷ್ಟು ಹೊತ್ತು ಇನ್ನೊಂದು ಕೈ ಭಾರ ಹೊರಬೇಕು. ಹಿಡಿ, ಎಳೆ, ಬಿಡು, ಮೇಲೆ ಹಿಡಿ. ನಮ್ಮ ಸ್ನಾಯುವಿನ ಒಳಗೆ ನಡೆಯುವುದೂ ಇದೇ.

ಒಳಗೆ ಹೋಗಿ ನೋಡೋಣ. ಬೇಯಿಸಿದ ಕೋಳಿಯ ಎದೆ ಮಾಂಸವನ್ನು ಬೆರಳಲ್ಲಿ ಬಿಡಿಸಿದರೆ ಎಳೆ ಎಳೆಯಾಗಿ ಬರುತ್ತದಲ್ವಾ? ಅಲ್ಲಿ ಕಾಣುವ ಒಂದೊಂದು ಎಳೆಯೂ ಒಂದು ಕಂತೆ. ಅದರೊಳಗೆ ಕೂದಲಿನಷ್ಟು ಅಥವಾ ಅದಕ್ಕಿಂತ ಸಣ್ಣ ಸ್ನಾಯು ಎಳೆಗಳಿವೆ. ಅಂಥ ಒಂದೊಂದು ಎಳೆಯೂ ಒಂದೇ ಒಂದು ಜೀವಕೋಶ, ಎಷ್ಟೋ ಕಡೆ ಹಲವು ಸೆಂಟಿಮೀಟರ್ ಉದ್ದದ್ದು. ಅದರೊಳಗೆ ಇನ್ನೂ ಸಣ್ಣ ನಾರುಗಳು, ಸುಮಾರು ಒಂದು ಮೈಕ್ರೋಮೀಟರ್ ದಪ್ಪ. ತೆಂಗಿನ ನಾರಿನ ಹಗ್ಗವನ್ನು ಬಿಚ್ಚುತ್ತಾ ಹೋದರೆ ಹುರಿಯೊಳಗೆ ಹುರಿ ಸಿಗುತ್ತದೆ, ಹಾಗೆಯೇ ಇದೂ.

ಈ ನಾರುಗಳ ಮೇಲೆ ಉದ್ದಕ್ಕೂ ಕಪ್ಪು ಬಿಳಿ ಪಟ್ಟೆಗಳಿವೆ. ಪಟ್ಟೆಯ ಒಂದು ಪೂರ್ತಿ ಘಟಕಕ್ಕೆ ಸಾರ್ಕೋಮಿಯರ್ ಅಂತ ಹೆಸರು. ಉದ್ದ ಸುಮಾರು 2.5 ಮೈಕ್ರೋಮೀಟರ್. ಒಂದು ಮಿಲಿಮೀಟರಿನಲ್ಲಿ 400 ಸಾರ್ಕೋಮಿಯರ್‌ಗಳು ರೈಲು ಬೋಗಿಗಳ ಹಾಗೆ ಸಾಲಾಗಿ ಸೇರಿಕೊಂಡಿರುತ್ತವೆ. ಹತ್ತು ಸೆಂಟಿಮೀಟರಿನ ಎಳೆಯಲ್ಲಿ 40,000. ಕಪ್ಪು ಪಟ್ಟೆಯಲ್ಲಿ ದಪ್ಪ ತಂತುಗಳಿವೆ, ಅವು ಮಯೋಸಿನ್ ಎಂಬ ಪ್ರೋಟೀನಿನವು. ಬಿಳಿ ಪಟ್ಟೆಯಲ್ಲಿ ತೆಳು ತಂತುಗಳು ಮಾತ್ರ ಇವೆ, ಅವು ಮುಖ್ಯವಾಗಿ ಆಕ್ಟಿನ್‌ನವು. ತೆಳು ತಂತುಗಳ ತುದಿಗಳು ಎರಡೂ ಕಡೆಯಿಂದ ದಪ್ಪ ತಂತುಗಳ ಸಂದಿಗೆ ತೂರಿಕೊಂಡಿರುತ್ತವೆ.

ಸ್ನಾಯು ಗಿಡ್ಡ ಆಗುವಾಗ ಏನಾಗುತ್ತದೆ? 1950ರ ತನಕ ತುಂಬಾ ಜನ ನಂಬಿದ್ದು, ಪ್ರೋಟೀನ್ ತಂತುಗಳೇ ಮುದುಡಿ ಸುರುಳಿ ಆಗುತ್ತವೆ ಅಂತ. ರಬ್ಬರ್ ಎಳೆದು ಬಿಟ್ಟರೆ ಮುದುಡುವ ಹಾಗೆ. ಯಾರಿಗಾದರೂ ಮೊದಲು ಹೊಳೆಯುವುದು ಅದೇ. 1954ರ ಮೇ 22ರ 'ನೇಚರ್' ಪತ್ರಿಕೆಯಲ್ಲಿ ಎರಡು ಲೇಖನ ಒಟ್ಟಿಗೆ ಬಂದವು. ಒಂದು ಆಂಡ್ರ್ಯೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್‌ಗರ್ಕೆ ಅವರದು, ಕಪ್ಪೆಯ ಸ್ನಾಯು ಎಳೆಯನ್ನು ನೋಡಿ ಬರೆದದ್ದು. ಇನ್ನೊಂದು ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಅವರದು, ಮೊಲದ ಸ್ನಾಯುವಿನ ನಾರು ನೋಡಿ ಬರೆದದ್ದು. ಇಬ್ಬರು ಹಕ್ಸ್‌ಲಿಗಳೂ ಸಂಬಂಧಿಕರಲ್ಲ. ಎರಡೂ ತಂಡಗಳು ಕಂಡದ್ದು ಮಾತ್ರ ಒಂದೇ: ಸ್ನಾಯು ಗಿಡ್ಡ ಆದಾಗ ಬಿಳಿ ಪಟ್ಟೆ ಕಿರಿದಾಗುತ್ತದೆ, ಕಪ್ಪು ಪಟ್ಟೆಯ ಅಗಲ ಹಾಗೇ ಇರುತ್ತದೆ.

ಅಂದರೆ ಯಾವ ತಂತುವೂ ಮುದುಡುತ್ತಿಲ್ಲ. ಒಂದರ ಸಂದಿಗೆ ಒಂದು ಜಾರುತ್ತಿದೆ. ನಿಮ್ಮ ಎರಡೂ ಕೈಗಳ ಬೆರಳನ್ನು ಒಂದರ ಸಂದಿಗೆ ಒಂದು ತುದಿ ಮಾತ್ರ ತೂರಿಸಿ. ಈಗ ಬುಡದ ತನಕ ಒಳಗೆ ತಳ್ಳಿ. ಕೈಗಳ ನಡುವಿನ ದೂರ ಕಡಿಮೆ ಆಯಿತು, ಬೆರಳು ಗಿಡ್ಡ ಆಗಲಿಲ್ಲ. ಇಷ್ಟು ಸರಳ ಸಂಗತಿ ಪಟ್ಟೆಗಳ ಅಗಲ ಅಳೆಯುವುದರಲ್ಲೇ ಸಿಕ್ಕಿತು ಅನ್ನುವುದು ನನಗೆ ಇವತ್ತಿಗೂ ರೋಮಾಂಚನ ತರುತ್ತದೆ.

ಜಾರಿಸುವವರು ಯಾರು? ದಪ್ಪ ತಂತುವಿನ ಮೈಮೇಲೆ ಸುತ್ತಲೂ ಸಣ್ಣ ತಲೆಗಳು ಚಾಚಿಕೊಂಡಿವೆ. ಒಂದು ತಂತುವಿಗೆ ಸುಮಾರು 600. ವಿಜ್ಞಾನಿಗಳು ಅವನ್ನು ಮಯೋಸಿನ್ ತಲೆ ಎನ್ನುತ್ತಾರೆ, ಕೆಲಸದಲ್ಲಿ ಮಾತ್ರ ಅವು ಕೈಗಳೇ. ಒಂದು ಕೈ ಆಕ್ಟಿನ್ ಹಗ್ಗವನ್ನು ಹಿಡಿಯುತ್ತದೆ. ಹಿಡಿದ ಮೇಲೆ ಬಾಗುತ್ತದೆ. ಹಗ್ಗ ಸುಮಾರು ಐದರಿಂದ ಹತ್ತು ನ್ಯಾನೋಮೀಟರ್ ಜರುಗುತ್ತದೆ. ಈಗ ಕೈ ಬಾಗಿದ ಸ್ಥಿತಿಯಲ್ಲಿ ಹಗ್ಗಕ್ಕೆ ಕಚ್ಚಿಕೊಂಡು ನಿಂತಿದೆ. ತಾನಾಗಿ ಬಿಡುವುದಿಲ್ಲ. ಆಗ ಎಟಿಪಿ ಎಂಬ ಇಂಧನದ ಅಣು ಬಂದು ಅದರ ಮೇಲೆ ಕೂರುತ್ತದೆ. ಕೂತ ತಕ್ಷಣ ಹಿಡಿತ ಸಡಿಲ ಆಗುತ್ತದೆ. ಹಗ್ಗ ಬಿಟ್ಟ ಕೈ ಎಟಿಪಿಯನ್ನು ಒಡೆಯುತ್ತದೆ, ಆ ಶಕ್ತಿಯಿಂದ ಮತ್ತೆ ಎಳೆಯುವ ಭಂಗಿಗೆ ಸೆಟೆದು ನಿಲ್ಲುತ್ತದೆ. ಹೆದೆ ಎಳೆದಿಟ್ಟ ಬಿಲ್ಲಿನ ಹಾಗೆ. ನಂತರ ಹಗ್ಗದ ಇನ್ನೊಂದು ಜಾಗ ಹಿಡಿಯುತ್ತದೆ. ಒಂದು ಸುತ್ತಿಗೆ ಒಂದು ಎಟಿಪಿ.

ಎಲ್ಲ ಕೈಗಳೂ ಒಟ್ಟಿಗೆ ಬಿಟ್ಟರೆ ಹಗ್ಗ ಹಿಂದಕ್ಕೆ ಜಾರಿ ಕೊಡ ಬೀಳುತ್ತದೆ. ಅದಕ್ಕೇ ಇವು ತಾಳಕ್ಕೆ ಸರಿಯಾಗಿ ಎಳೆಯುವುದಿಲ್ಲ. ಕೆಲವು ಹಿಡಿದಿರುವಾಗ ಕೆಲವು ಬಿಟ್ಟಿರುತ್ತವೆ, ಕೆಲವು ಮುಂದಿನ ಜಾಗ ಹುಡುಕುತ್ತಿರುತ್ತವೆ. ಅಜ್ಜಿಯ ಮಾತನ್ನು ಅವು ಕೋಟಿಗಟ್ಟಲೆ ಸಂಖ್ಯೆಯಲ್ಲಿ ಪಾಲಿಸುತ್ತಿವೆ.

ಈಗ ಕೊಡದ ಪ್ರಶ್ನೆಗೆ ಉತ್ತರ ಬಂತು. ಹೊರಗೆ ಕೊಡ ನಿಂತಿದೆ. ಒಳಗೆ ಯಾರೂ ನಿಂತಿಲ್ಲ. ಪ್ರತಿ ಕೈಯೂ ಹಿಡಿದು, ಎಳೆದು, ಬಿಟ್ಟು, ಮತ್ತೆ ಹಿಡಿಯುತ್ತಿದೆ. ಕೊಡ ಮೇಲೆ ಹೋಗದಿದ್ದರೂ ಪ್ರತಿ ಸುತ್ತಿಗೂ ಎಟಿಪಿ ಖರ್ಚಾಗುತ್ತಿದೆ, ಅದೆಲ್ಲ ಶಾಖವಾಗಿ ಹೊರಬರುತ್ತಿದೆ. ತೋಳು ಬಿಸಿ ಆದದ್ದು ಅದಕ್ಕೆ. ಸ್ನಾಯುವಿನಲ್ಲಿ ಕೂಡಿಟ್ಟ ಎಟಿಪಿ ಜೋರಾದ ಕೆಲಸಕ್ಕೆ ಕೆಲವು ಸೆಕೆಂಡು ಮಾತ್ರ ಸಾಕು, ಹಾಗಾಗಿ ಮೈ ಅದನ್ನು ಮತ್ತೆ ಮತ್ತೆ ತಯಾರಿಸುತ್ತಲೇ ಇರಬೇಕು.

ಕಪ್ಪೆಚಿಪ್ಪಿನೊಳಗಿನ ಪ್ರಾಣಿಗಳಿಗೆ ಈ ಕಷ್ಟ ಇಲ್ಲ. ಚಿಪ್ಪನ್ನು ಮುಚ್ಚಿ ಹಿಡಿಯುವ ಅವುಗಳ ಸ್ನಾಯು ಒಮ್ಮೆ ಬಿಗಿ ಹಿಡಿದರೆ ಬೀಗ ಹಾಕಿದ ಹಾಗೆ. ಗಂಟೆಗಟ್ಟಲೆ ಮುಚ್ಚಿಟ್ಟರೂ ಖರ್ಚು ತೀರಾ ಕಡಿಮೆ. ಆದರೆ ಅಂಥ ಸ್ನಾಯು ಬಿಡುವುದು ನಿಧಾನ. ಅದರಿಂದ ತಬಲಾ ಬಾರಿಸಲು ಆಗುವುದಿಲ್ಲ.

ಹಿಡಿಯುವುದಕ್ಕಲ್ಲ, ಬಿಡುವುದಕ್ಕೆ ಎಟಿಪಿ ಬೇಕು ಅಂದೆ. ಇದಕ್ಕೆ ಎಲ್ಲರೂ ನೋಡಿರುವ ಸಾಕ್ಷಿ ಒಂದಿದೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹಿರಿಯರು ಬೇಗ ಬೇಗ ಕೈಕಾಲು ನೇರ ಮಾಡುತ್ತಾರೆ, ಕಣ್ಣು ಮುಚ್ಚಿಸುತ್ತಾರೆ, ದವಡೆಗೆ ಬಟ್ಟೆ ಕಟ್ಟುತ್ತಾರೆ, ಕಾಲಿನ ಹೆಬ್ಬೆರಳುಗಳನ್ನು ಸೇರಿಸಿ ಕಟ್ಟುತ್ತಾರೆ. ತಡ ಮಾಡಿದರೆ ಆಮೇಲೆ ಬಗ್ಗುವುದಿಲ್ಲ ಅಂತ ಅವರಿಗೆ ಗೊತ್ತು. ಉಸಿರು ನಿಂತ ಮೇಲೆ ಎಟಿಪಿ ತಯಾರಿ ನಿಲ್ಲುತ್ತದೆ. ಇದ್ದದ್ದು ಮುಗಿಯುತ್ತದೆ. ಹಿಡಿದ ಕೈಗಳು ಹಿಡಿದಂತೆಯೇ ಉಳಿಯುತ್ತವೆ. ಕೆಲವು ಗಂಟೆಗಳಲ್ಲಿ ಕಣ್ಣರೆಪ್ಪೆ, ದವಡೆಯಿಂದ ಶುರುವಾಗಿ ಮೈಯೆಲ್ಲ ಮರಗಟ್ಟುತ್ತದೆ. ಒಂದೆರಡು ದಿನದಲ್ಲಿ ಅದು ಮತ್ತೆ ಸಡಿಲ ಆಗುತ್ತದೆ, ಎಟಿಪಿ ಬಂದದ್ದರಿಂದ ಅಲ್ಲ, ಪ್ರೋಟೀನುಗಳೇ ಒಡೆದು ಹೋಗುವುದರಿಂದ.

ಇದಕ್ಕೆ ತಿರುಗುಮುರುಗಾದ ದೃಶ್ಯವನ್ನು ಹಂಗೇರಿಯ ಸೆಗೆಡ್ ಊರಿನಲ್ಲಿ ಆಲ್ಬರ್ಟ್ ಸೆಂಟ್ ಜಾರ್ಜಿ ನೋಡಿದರು. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಅವರ ಪ್ರಯೋಗಾಲಯದಲ್ಲೇ ಬ್ರೂನೋ ಸ್ಟ್ರಾಬ್ ಆಕ್ಟಿನ್ ಅನ್ನು ಗುರುತಿಸಿದ್ದು. ಆಕ್ಟಿನ್, ಮಯೋಸಿನ್ ಎರಡನ್ನೂ ಸೇರಿಸಿ ನೂಲಿನ ಹಾಗೆ ತೆಳುವಾಗಿ ಎಳೆದು, ಅದರ ಮೇಲೆ ಎಟಿಪಿ ಹಾಕಿದರು. ಜೀವ ಇಲ್ಲದ ಆ ನೂಲು ಗಾಜಿನ ಮೇಲೆ ಕಣ್ಣೆದುರೇ ಗಿಡ್ಡ ಆಯಿತು. ತಮ್ಮ ಬದುಕಿನ ಅತ್ಯಂತ ರೋಮಾಂಚಕ ಕ್ಷಣಗಳಲ್ಲಿ ಅದೊಂದು ಅಂತ ಅವರು ಆಮೇಲೆ ಹೇಳಿಕೊಂಡರು. ಅವರಿಗೆ ಆಗಲೇ ನೊಬೆಲ್ ಬಂದಿತ್ತು, 1937ರಲ್ಲಿ.

ಹಾಗಿದ್ದರೆ ಈ ಕೈಗಳು ಹಗಲು ರಾತ್ರಿ ಎಳೆಯುತ್ತಲೇ ಇರಬೇಕಿತ್ತಲ್ವಾ? ಇಲ್ಲ, ಆಕ್ಟಿನ್ ಹಗ್ಗದ ಮೇಲೆ ಹಿಡಿಯುವ ಜಾಗಗಳನ್ನು ಇನ್ನೊಂದು ಪ್ರೋಟೀನು ಮುಚ್ಚಿಕೊಂಡಿರುತ್ತದೆ. ಮಿದುಳಿನಿಂದ ಹೊರಟ ಸಂದೇಶ ನರದ ಮೂಲಕ ಸ್ನಾಯು ಎಳೆಗೆ ತಲುಪಿದಾಗ, ಎಳೆಯೊಳಗಿನ ಚೀಲಗಳಲ್ಲಿ ಕೂಡಿಟ್ಟ ಕ್ಯಾಲ್ಸಿಯಂ ಹೊರಗೆ ನುಗ್ಗುತ್ತದೆ. ಆ ಕ್ಯಾಲ್ಸಿಯಂ ಟ್ರೋಪೋನಿನ್ ಎಂಬ ಪ್ರೋಟೀನಿಗೆ ಅಂಟಿದರೆ ಮುಚ್ಚಳ ಪಕ್ಕಕ್ಕೆ ಸರಿಯುತ್ತದೆ. ಈ ಟ್ರೋಪೋನಿನ್ ಪತ್ತೆ ಮಾಡಿದ್ದು ಜಪಾನಿನ ಸೆತ್ಸುರೋ ಎಬಾಶಿ, 1960ರ ದಶಕದಲ್ಲಿ. ಸಂದೇಶ ನಿಂತ ಮೇಲೆ ಕ್ಯಾಲ್ಸಿಯಂ ಅನ್ನು ಮತ್ತೆ ಚೀಲಕ್ಕೆ ಪಂಪ್ ಮಾಡಬೇಕು. ಅದಕ್ಕೂ ಎಟಿಪಿಯೇ ಬೇಕು. ಇಲ್ಲೂ ನೋಡಿ, ಬಿಡುವುದಕ್ಕೇ ಖರ್ಚು.

ಬಲದ ಲೆಕ್ಕಕ್ಕೆ ಬರೋಣ. ಮುಂಗೈಯನ್ನು ಮೇಲೆತ್ತುವ ಸ್ನಾಯು ಮೊಣಕೈ ಕೀಲಿನಿಂದ ಸುಮಾರು ನಾಲ್ಕು ಸೆಂಟಿಮೀಟರ್ ದೂರದಲ್ಲಿ ಮೂಳೆಗೆ ಅಂಟಿದೆ. ಅಂಗೈ ಇರುವುದು ಸುಮಾರು 32 ಸೆಂಟಿಮೀಟರ್ ದೂರದಲ್ಲಿ. ಎಂಟು ಪಟ್ಟು. ಹಾಗಾಗಿ ಐದು ಕಿಲೋ ನೀರು ಹಿಡಿಯಲು ಸ್ನಾಯು 40 ಕಿಲೋ ಭಾರಕ್ಕೆ ಸಮನಾಗಿ ಎಳೆಯಬೇಕು. ನಷ್ಟದ ವ್ಯಾಪಾರ ಅನ್ನಿಸಬಹುದು. ಆದರೆ ಇದಕ್ಕೆ ಬದಲಾಗಿ ವೇಗ ಸಿಗುತ್ತದೆ. ಒಂದೊಂದು ಸಾರ್ಕೋಮಿಯರ್ ಅರ್ಧ ಮೈಕ್ರೋಮೀಟರ್ ಗಿಡ್ಡ ಆದರೆ ಸಾಲಿನಲ್ಲಿರುವ 40,000 ಸೇರಿ ಎರಡು ಸೆಂಟಿಮೀಟರ್. ಅಂಗೈ ಅಷ್ಟರಲ್ಲಿ 16 ಸೆಂಟಿಮೀಟರ್ ಮೇಲೆ ಬಂದಿರುತ್ತದೆ.

ಒಂದು ಮಯೋಸಿನ್ ಕೈಯ ಬಲ ಕೆಲವೇ ಪಿಕೋನ್ಯೂಟನ್. ಒಂದು ಗ್ರಾಂ ಭಾರವನ್ನು ಸುಮಾರು 250 ಕೋಟಿ ಪಾಲು ಮಾಡಿದರೆ ಒಂದು ಪಾಲು ಅದರದ್ದು. 40 ಕಿಲೋ ಎಳೆತಕ್ಕೆ ಸ್ನಾಯುವಿನ ಅಡ್ಡಸೀಳಿನಲ್ಲಿ ಒಂದೇ ಹೊತ್ತಿಗೆ ಹಿಡಿದಿರಬೇಕಾದ ಕೈಗಳು ಹತ್ತಿರ ಹತ್ತಿರ ಒಂದು ಕೋಟಿ ಕೋಟಿ. ಸಾಲಿನ ಉದ್ದ ಜಾಸ್ತಿ ಆದರೆ ಬಲ ಜಾಸ್ತಿ ಆಗುವುದಿಲ್ಲ, ವೇಗ ಜಾಸ್ತಿ ಆಗುತ್ತದೆ. ಬಲಕ್ಕೆ ದಪ್ಪ ಬೇಕು. ಒಂದು ಚದರ ಸೆಂಟಿಮೀಟರ್ ದಪ್ಪಕ್ಕೆ ಎರಡು ಮೂರು ಕಿಲೋ. ಗರಡಿಯಲ್ಲಿ ಸಾಮು ಮಾಡಿದವರ ತೋಳು ಉದ್ದ ಆಗದೆ ದಪ್ಪ ಆಗುವುದರ ಗುಟ್ಟು ಇದು.

ಸೂಜಿಗೆ ದಾರ ಪೋಣಿಸುವ ಕೈಯೇ ತೆಂಗಿನಕಾಯಿಯನ್ನೂ ಸುಲಿಯುತ್ತದೆ. ಬೇಕಾದಷ್ಟೇ ಬಲ ಹಾಕುವುದು ಹೇಗೆ? ಒಂದೊಂದು ನರಕೋಶದ ಕೈಕೆಳಗೆ ಒಂದೊಂದು ಗುಂಪು ಎಳೆಗಳಿವೆ. ಕಣ್ಣುಗುಡ್ಡೆ ತಿರುಗಿಸುವ ಸ್ನಾಯುವಿನಲ್ಲಿ ಗುಂಪಿಗೆ ಹತ್ತಿಪ್ಪತ್ತು ಎಳೆ, ಮೀನಖಂಡದಲ್ಲಿ ಸಾವಿರಕ್ಕೂ ಮೇಲೆ. ಮೊದಲು ಸಣ್ಣ ಗುಂಪುಗಳನ್ನು ಕರೆಯುತ್ತದೆ ಮೈ, ಸಾಲದಿದ್ದರೆ ದೊಡ್ಡವನ್ನು. ದಣಿವಾದಾಗ ಗುಂಪುಗಳ ಸರದಿ ಏರುಪೇರಾಗುತ್ತದೆ. ತೋಳು ನಡುಗುವುದು ಆಗಲೇ.

ಇನ್ನೊಂದು ಪರೀಕ್ಷೆ ಮಾಡಿ ನೋಡಿ. ಮುಷ್ಟಿ ಬಿಗಿ ಹಿಡಿಯಿರಿ. ಈಗ ಮಣಿಕಟ್ಟನ್ನು ಒಳಕ್ಕೆ ಪೂರ್ತಿ ಬಗ್ಗಿಸಿ, ಮತ್ತೆ ಬಿಗಿ ಹಿಡಿಯಲು ನೋಡಿ. ಆಗುವುದಿಲ್ಲ. ಬೆರಳು ಮಡಚುವ ಸ್ನಾಯು ಮುಂಗೈಯಲ್ಲಿದೆ. ಮಣಿಕಟ್ಟು ಬಗ್ಗಿದಾಗ ಅದು ಆಗಲೇ ತೀರಾ ಗಿಡ್ಡ ಆಗಿರುತ್ತದೆ, ತಂತುಗಳು ಒಂದರ ಮೇಲೊಂದು ಹತ್ತಿ ಅಡ್ಡ ಬರುತ್ತವೆ. ಕಪ್ಪೆಯ ಒಂಟಿ ಎಳೆಯಲ್ಲಿ 1966ರಲ್ಲಿ ಅಳೆದಾಗಲೂ ಹೀಗೇ ಸಿಕ್ಕಿತು. ಸಾರ್ಕೋಮಿಯರ್ 2ರಿಂದ 2.2 ಮೈಕ್ರೋಮೀಟರ್ ಇದ್ದಾಗ ಬಲ ಅತಿ ಹೆಚ್ಚು. ಅದಕ್ಕಿಂತ ಗಿಡ್ಡ ಆದರೂ ಕಡಿಮೆ, ಉದ್ದ ಆದರೂ ಕಡಿಮೆ. ಸುಮಾರು 3.6ಕ್ಕೆ ಎಳೆದರೆ ಹಗ್ಗ ಕೈಗೆ ಎಟುಕುವುದೇ ಇಲ್ಲ, ಬಲ ಸೊನ್ನೆ.

ಕೊನೆಗೆ ಕೊಡ ಇಳಿಸುವ ವಿಷಯ. ಮೆಲ್ಲಗೆ ಇಳಿಸುವಾಗಲೂ ಅದೇ ಸ್ನಾಯು ಹಿಡಿದಿರುತ್ತದೆ, ಆದರೆ ಭಾರ ಅದನ್ನು ಉದ್ದ ಮಾಡುತ್ತಾ ಹೋಗುತ್ತದೆ. ಹೀಗೆ ಎಳೆಸಿಕೊಳ್ಳುತ್ತಾ ಹಿಡಿದಾಗ ಸ್ನಾಯುವಿನ ಬಲ ಜಾಸ್ತಿ, ಎಟಿಪಿ ಖರ್ಚು ಕಡಿಮೆ. ಕಚ್ಚಿದ ಕೈಗಳನ್ನು ಭಾರವೇ ಬಿಡಿಸಿಬಿಡುತ್ತದೆ. ಆದರೆ ಕೆಲವು ಸಾರ್ಕೋಮಿಯರ್‌ಗಳು ಅತಿಯಾಗಿ ಎಳೆದು ಜಖಂ ಆಗುತ್ತವೆ. ನಾನು ಮೈಸೂರಿನ ಚಾಮುಂಡಿ ಬೆಟ್ಟವನ್ನು ಮೆಟ್ಟಿಲು ಹತ್ತಿ ಹೋಗಿ ಮೆಟ್ಟಿಲಲ್ಲೇ ಇಳಿದು ಬಂದಾಗ, ಹತ್ತುವಾಗ ಏದುಸಿರು, ಇಳಿಯುವಾಗ ಆರಾಮ. ಮಾರನೇ ದಿನ ಬೆಳಿಗ್ಗೆ ತೊಡೆಯ ಮುಂಭಾಗ ಹಿಡಿದುಕೊಂಡು ಕುರ್ಚಿಯಿಂದ ಏಳಲು ಆಗಲಿಲ್ಲ. ಲ್ಯಾಕ್ಟಿಕ್ ಆಸಿಡ್ ಸೇರಿಕೊಂಡಿದೆ ಅಂತ ಜೊತೆಗಿದ್ದವರು ಹೇಳಿದರು. ಅದು ಒಂದೆರಡು ಗಂಟೆಯಲ್ಲೇ ಕರಗಿ ಹೋಗಿರುತ್ತದೆ. ನೋವು ಕೊಟ್ಟದ್ದು ಇಳಿದ ಮೆಟ್ಟಿಲು, ಹತ್ತಿದ್ದಲ್ಲ. ಮೂರ್ನಾಲ್ಕು ದಿನದಲ್ಲಿ ಅದು ಹೋಯಿತು. ಎರಡು ವಾರ ಬಿಟ್ಟು ಮತ್ತೆ ಅದೇ ಮೆಟ್ಟಿಲು ಇಳಿದೆ. ಸ್ನಾಯು ಅಷ್ಟರಲ್ಲಿ ತನ್ನನ್ನು ರಿಪೇರಿ ಮಾಡಿಕೊಂಡು ಗಟ್ಟಿಯಾಗಿತ್ತು. ಮಾರನೇ ದಿನ ನೋವು ಇರಲಿಲ್ಲ ಅಂದರೂ ನಡೆಯುತ್ತದೆ.